ಬಿಕಾಂಗೆ ಪರಿಸರ ಪಾಠ ಎಲ್ಲಿಂದ ಬಂತು?

‘ಲೆಕ್ಕ ಬರೆಯೋಕೆ ಬಂದವರಿಗೆ ಪರಿಸರ ಅಧ್ಯಯನ ಯಾಕೆ ಸಾರ್?’ ಹಾಸನದ ಡಿಗ್ರಿ ಕಾಲೇಜುಗಳಲ್ಲಿ ಬಿಕಾಂ ಹುಡುಗರು ಕೇಳುವ ಪ್ರಶ್ನೆ ಇದು. ಸಂವಿಧಾನದ ಪೇಪರಿಗೂ ಇದೇ ಗೊಣಗಾಟ.

ಜಗಳ ಹಳೆಯದು. 1948ರಲ್ಲಿ ಕೇಂದ್ರ ಸರ್ಕಾರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ನೇಮಿಸಿತು. ಅಧ್ಯಕ್ಷರು ಎಸ್. ರಾಧಾಕೃಷ್ಣನ್, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದವರು. ವಿಜ್ಞಾನ ಓದುವವರಿಗೆ ಒಂದಿಷ್ಟು ಸಾಹಿತ್ಯ, ಸಮಾಜ ಗೊತ್ತಿರಬೇಕು, ಕಲಾ ವಿಭಾಗದವರಿಗೆ ಒಂದಿಷ್ಟು ವಿಜ್ಞಾನ ಗೊತ್ತಿರಬೇಕು ಎಂದು ಆಯೋಗ ಹೇಳಿತು. ವರದಿ 1949ರಲ್ಲೇ ಬಂತು. ಜಾರಿ ಮಾತ್ರ ಕುಂಟುತ್ತಾ ಸಾಗಿತು.

ಪರಿಸರ ಪೇಪರ್ ಬಂದಿದ್ದು ಕೋರ್ಟಿನ ದಾರಿಯಲ್ಲಿ. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಕಾಲೇಜುಗಳಲ್ಲಿ ಪರಿಸರ ಕಲಿಸಿ ಎಂದಿತು. ಹೆಚ್ಚಿನ ಕಡೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2003ರಲ್ಲಿ ಕೋರ್ಟ್ ಮತ್ತೆ ಕಿವಿ ಹಿಂಡಿತು. ಅದೇ ಸುಮಾರಿಗೆ ವಿಶ್ವವಿದ್ಯಾಲಯಗಳ ಮೇಲುಸ್ತುವಾರಿ ನೋಡುವ ಯುಜಿಸಿ ಎಲ್ಲ ಪದವಿಗಳಿಗೂ ಆರು ತಿಂಗಳ ಪಠ್ಯ ಕೊಟ್ಟಿತು.

ಪಠ್ಯ ಬಂತು, ಅದಕ್ಕೆಂದೇ ಮೇಷ್ಟ್ರು ಬರಲಿಲ್ಲ. ಯಾರಿಗೆ ವರ್ಕ್‌ಲೋಡ್ ಕಡಿಮೆಯೋ ಅವರ ತಲೆಗೆ ಆ ತರಗತಿ. ಹುಡುಗರು ಪರೀಕ್ಷೆ ಹಿಂದಿನ ರಾತ್ರಿ ಗೈಡ್ ತಿರುವಿ ಪಾಸಾಗುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಸಕಲೇಶಪುರ, ಆಲೂರು ಕಡೆಯ ಹುಡುಗಿ ಸಂಜೆ ಬಸ್ ಇಳಿದು ಆನೆ ಭಯದಲ್ಲೇ ಮನೆಗೆ ನಡೆಯುತ್ತಾಳೆ. ಕಾಡಾನೆ ಕಾಫಿ ತೋಟಕ್ಕೆ ಯಾಕೆ ಇಳಿಯುತ್ತದೆ? ಬೆಳೆ ಪರಿಹಾರ ನಿಗದಿ ಮಾಡುವವರು ಯಾರು? ಗೊರೂರಿನಲ್ಲಿ ನಿಂತ ಹೇಮಾವತಿ ನೀರಿನಲ್ಲಿ ತುಮಕೂರಿನ ಪಾಲೆಷ್ಟು, ನಮ್ಮದೆಷ್ಟು? ಪರಿಸರ, ಕಾನೂನು, ಲೆಕ್ಕ ಮೂರೂ ಗೊತ್ತಿಲ್ಲದೆ ಇವಕ್ಕೆ ಉತ್ತರ ಸಿಗೋದಿಲ್ಲ. ಪರಿಹಾರದ ಅರ್ಜಿಯ ಲೆಕ್ಕವನ್ನು ಬಿಕಾಂನವರಿಂದಲೇ ಹಾಕಿಸಬಹುದು, ಅಲ್ವಾ? ಸುಮ್ನೆ ಓಝೋನ್ ಪದರದ ವ್ಯಾಖ್ಯೆ ಬರೆಸಿದರೆ ಯಾರಿಗೆ ತಾನೇ ಆಸಕ್ತಿ ಬರುತ್ತದೆ?

2021ರಲ್ಲಿ ಕರ್ನಾಟಕ ಎನ್‌ಇಪಿ, ಅಂದರೆ ಕೇಂದ್ರದ ರಾಷ್ಟ್ರೀಯ ಶಿಕ್ಷಣ ನೀತಿ, ಜಾರಿಗೆ ತಂದಿತು. ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ, ಯೋಗ ಎಲ್ಲ ಸೇರಿಕೊಂಡವು. ಬಿಎ ಹುಡುಗ ಕಾಮರ್ಸ್ ವಿಷಯವನ್ನೂ ಓದಬಹುದಿತ್ತು. ಒಳ್ಳೆಯ ಯೋಚನೆಯೇ. ಆದರೆ ಸಣ್ಣ ಊರಿನ ಕಾಲೇಜಲ್ಲಿ ಇದ್ದ ಮೇಷ್ಟ್ರು ಏನು ಕಲಿಸುತ್ತಾರೋ ಅದೇ ‘ಆಯ್ಕೆ’. 2024ರಲ್ಲಿ ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ನೇಮಿಸಿದ್ದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಹಿಡಿದು ಸರ್ಕಾರ ಎನ್‌ಇಪಿಯ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಸಂವಿಧಾನ, ಪರಿಸರ ಪೇಪರ್‌ಗಳು ಉಳಿದುಕೊಂಡವು.

ಇಷ್ಟೆಲ್ಲ ಆದರೂ ಟೈಂಟೇಬಲ್ ಹಾಕುವ ಕ್ರಮ ಹಾಗೇ ಇದೆ. ಮೊದಲು ಮೇಜರ್ ವಿಷಯ, ಉಳಿದ ಜಾಗಕ್ಕೆ ಇವು. ಅತಿಥಿ ಉಪನ್ಯಾಸಕರ ನೇಮಕ ತಡವಾದರೆ ಕೈಬಿಡಲು ಸುಲಭವಾಗಿ ಸಿಗುವ ತರಗತಿಗಳೂ ಇವೇ.