ಕ್ಯೂ ಇದ್ದು ಯು ಇಲ್ಲದ ಇಂಗ್ಲಿಷ್ ಪದಗಳು: ಎಷ್ಟಕ್ಷರಕ್ಕೆ ಯಾವುದು?

ಪ್ರಶ್ನೆ: ಅಕ್ಷರದ ಟೈಲ್ ಜೋಡಿಸಿ ಇಂಗ್ಲಿಷ್ ಪದ ಮಾಡುವ ಸ್ಕ್ರ್ಯಾಬಲ್ ಆಡುವಾಗ ಕೈಗೆ ಕ್ಯೂ ಬರುತ್ತದೆ, ಯು ಮಾತ್ರ ಬರುವುದೇ ಇಲ್ಲ. ಯು ಇಲ್ಲದೆ ಕ್ಯೂ ಬಳಸಬಹುದಾದ ಎರಡು, ಮೂರು, ನಾಲ್ಕು, ಐದು ಅಕ್ಷರದ ಪದಗಳು ಯಾವುವು? ಅರ್ಥವನ್ನೂ ತಿಳಿಸಿ.

ಉತ್ತರ: ಒಂದೇ ಒಂದು ಪದ ನೆನಪಿಟ್ಟುಕೊಳ್ಳುವುದಾದರೆ ಅದು ಎರಡಕ್ಷರದ ಕ್ಯೂ-ಐ. ಓದುವುದು ‘ಚೀ’ ಎಂದು. ಚೀನೀ ಚಿಂತನೆಯಲ್ಲಿ ದೇಹದೊಳಗೆ ಹರಿಯುವ ಪ್ರಾಣಶಕ್ತಿಗೆ ಈ ಹೆಸರು. ಉತ್ತರ ಅಮೆರಿಕದ ಸ್ಕ್ರ್ಯಾಬಲ್ ಪಂದ್ಯಗಳಲ್ಲಿ ಒಪ್ಪುವ ಪದಗಳ ಪಟ್ಟಿಗೆ ಇದು ಸೇರಿದ್ದು 2006ರಲ್ಲಿ. ಉಳಿದ ದೇಶಗಳಲ್ಲಿ ಹೆಚ್ಚಾಗಿ ಬಳಸುವ ಕಾಲಿನ್ಸ್ ಎಂಬ ಪದಪಟ್ಟಿಯಲ್ಲೂ ಇದೆ. ಕೊನೆಗೆ ಎಸ್ ಹಚ್ಚಿದರೂ ನಡೆಯುತ್ತದೆ. ಬೋರ್ಡಿನ ಮೇಲೆ ಈಗಾಗಲೇ ಒಂದು ಐ ಇದ್ದು, ಅದರ ಮೇಲಿನ ಅಥವಾ ಎಡಗಡೆಯ ಮನೆ ಟ್ರಿಪಲ್ ಲೆಟರ್ (ಅಕ್ಷರದ ಅಂಕ ಮೂರು ಪಟ್ಟಾಗುವ ಮನೆ) ಆಗಿದ್ದರೆ ಕ್ಯೂವನ್ನು ಅಲ್ಲಿಟ್ಟು, ಕೈಯಲ್ಲಿರುವ ಇನ್ನೊಂದು ಐ ಸೇರಿಸಿ ಅಡ್ಡಕ್ಕೂ ಉದ್ದಕ್ಕೂ ಕ್ಯೂ-ಐ ಮಾಡಿ. ಕ್ಯೂವಿನ 10 ಅಂಕ ಮೂರು ಪಟ್ಟಾಗಿ 30, ಐಗೆ 1, ಎರಡು ದಿಕ್ಕಿನಲ್ಲೂ ಸೇರಿ 62 ಅಂಕ. ಎರಡು ಟೈಲ್‌ಗೆ ಇಷ್ಟು ಕೊಡುವ ಪದ ಬೇರೆ ಸಿಗುವುದು ಕಷ್ಟ.

ಮೂರಕ್ಷರಕ್ಕೆ ಕ್ಯೂ-ಎ-ಟಿ. ಯೆಮನ್ ಮತ್ತು ಪೂರ್ವ ಆಫ್ರಿಕದಲ್ಲಿ ಉತ್ತೇಜನಕ್ಕಾಗಿ ಜಗಿಯುವ ಎಲೆ, ಅದರ ಗಿಡ. ಇದನ್ನೇ ಕೆ-ಎ-ಟಿ ಎಂದೂ ಕೆ-ಎಚ್-ಎ-ಟಿ ಎಂದೂ ಬರೆಯುತ್ತಾರೆ, ಆಟದಲ್ಲಿ ಅವೂ ನಡೆಯುತ್ತವೆ.

ನಾಲ್ಕಕ್ಷರದವು ಹೀಗೆ. ಕ್ಯೂ-ಒ-ಪಿ-ಎಚ್ ಹೀಬ್ರೂ ವರ್ಣಮಾಲೆಯ 19ನೇ ಅಕ್ಷರದ ಹೆಸರು. ಕ್ಯೂ-ಎ-ಡಿ-ಐ ಎಂದರೆ ಇಸ್ಲಾಮಿಕ್ ಕಾನೂನಿನಂತೆ ತೀರ್ಪು ಕೊಡುವ ನ್ಯಾಯಾಧೀಶ. ಅದರ ಕೊನೆಯ ಎರಡಕ್ಷರ ತಿರುಗಿಸಿ ಕ್ಯೂ-ಎ-ಐ-ಡಿ ಮಾಡಿದರೆ ಉತ್ತರ ಆಫ್ರಿಕದ ಮುಖಂಡ. ಒಂದು ಕೂರದ ಕಡೆ ಇನ್ನೊಂದು ಕೂರಬಹುದು, ಆದ್ದರಿಂದ ಎರಡನ್ನೂ ಜೊತೆಯಾಗಿ ಕಲಿಯಿರಿ. ಕಾಲಿನ್ಸ್ ಪಟ್ಟಿಯಲ್ಲಿ ಸಿ-ಐ-ಎನ್-ಕ್ಯೂ, ಅಂದರೆ ಐದು ಎಂಬ ಸಂಖ್ಯೆ, ಮತ್ತು ಡಬ್ಲ್ಯು-ಎ-ಕ್ಯೂ-ಎಫ್, ಅಂದರೆ ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟ ಆಸ್ತಿ, ಇವೂ ಇವೆ.

ಐದಕ್ಷರಕ್ಕೆ ಬಂದರೆ ಕನ್ನಡದವರಿಗೆ ಸುಲಭ. ಎಫ್-ಎ-ಕ್ಯೂ-ಐ-ಆರ್ ನಮ್ಮ ಫಕೀರನೇ. ಟಿ-ಎ-ಎಲ್-ಎ-ಕ್ಯೂ ತಲಾಖ್. ಎನ್-ಐ-ಕ್ಯೂ-ಎ-ಬಿ ಮುಖ ಮುಚ್ಚುವ ನಿಖಾಬ್. ಹಾಗೆ ನೋಡಿದರೆ ಮೇಲೆ ಹೇಳಿದ ನ್ಯಾಯಾಧೀಶ ಖಾಜಿ, ಆಸ್ತಿ ವಕ್ಫ್. ಇವೆಲ್ಲ ಅರಬ್ಬಿ ಮೂಲದವು. ಗಂಟಲಾಳದಿಂದ ಬರುವ ಅರಬ್ಬಿಯ ‘ಕ’ಕಾರವನ್ನು ಇಂಗ್ಲಿಷಿನಲ್ಲಿ ಕ್ಯೂ ಅಕ್ಷರದಿಂದ ತೋರಿಸುವುದು ರೂಢಿ, ಕಾಗುಣಿತ ನೆನಪಿಡಲು ಈ ಸುಳಿವು ಸಾಕು. ಕಿವಿಗೆ ಪರಿಚಯವಿಲ್ಲದ ಎರಡು ಬೇರೆ ಇವೆ. ಕ್ಯೂ-ಎ-ಎನ್-ಎ-ಟಿ ಎಂದರೆ ಇಳಿಜಾರಿನ ಅಂತರ್ಜಲವನ್ನು ನೆಲದಡಿಯಲ್ಲೇ ಹರಿಸಿ ತರುವ ಕಾಲುವೆ, ಇರಾನಿನಲ್ಲಿ ಪ್ರಸಿದ್ಧ. ಟಿ-ಆರ್-ಎ-ಎನ್-ಕ್ಯೂ ಮನಸ್ಸನ್ನು ಶಾಂತಗೊಳಿಸುವ ಟ್ರ್ಯಾಂಕ್ವಿಲೈಜರ್ ಔಷಧದ ಮೊಟಕು ಹೆಸರು. ಬೋರ್ಡಿನಲ್ಲಿ ಅದು ಕಂಡರೆ ಮುಂದೆ ಯು-ಐ-ಎಲ್ ಸೇರಿಸಿ ‘ಟ್ರ್ಯಾಂಕ್ವಿಲ್’ ಮಾಡಬಹುದು ಎಂಬುದು ಬಹಳ ಜನರಿಗೆ ಹೊಳೆಯುವುದೇ ಇಲ್ಲ.

ಅದಕ್ಕೂ ಉದ್ದದವನ್ನು ಕಂಠಪಾಠ ಮಾಡುವ ಅಗತ್ಯ ಕಡಿಮೆ. ಆರಕ್ಷರದ ಕ್ಯೂ-ಡಬ್ಲ್ಯು-ಇ-ಆರ್-ಟಿ-ವೈ ಕೀಬೋರ್ಡ್ ನೋಡಿದರೆ ಸಿಗುತ್ತದೆ. ಎಸ್-ಎಚ್-ಇ-ಕ್ಯೂ-ಇ-ಎಲ್ ಇಸ್ರೇಲಿನ ನಾಣ್ಯ. ಕವ್ವಾಲಿ ಏಳಕ್ಷರ, ಕಾಲಿನ್ಸ್‌ನಲ್ಲಿದೆ. ಅದರಲ್ಲಿ ಡಬ್ಲ್ಯು ಎರಡು ಬೇಕು, ಸ್ಕ್ರ್ಯಾಬಲ್ ಚೀಲದಲ್ಲಿ ಇರುವುದೂ ಎರಡೇ.

ಇಷ್ಟಕ್ಕೂ ಕ್ಯೂ ಯಾಕೆ ಯುವನ್ನು ಬಿಟ್ಟಿರುವುದಿಲ್ಲ? ಹಳೆಯ ಇಂಗ್ಲಿಷಿನಲ್ಲಿ ಈ ಜೋಡಿಯೇ ಇರಲಿಲ್ಲ. ರಾಣಿ ಎಂಬರ್ಥದ ‘ಕ್ವೀನ್’ ಪದವನ್ನು ಸಿ ಮತ್ತು ಡಬ್ಲ್ಯು ಧ್ವನಿಯಿಂದಲೇ ಆರಂಭಿಸಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಫ್ರೆಂಚ್ ಪದ್ಧತಿಯ ಬರಹಗಾರರು ಕ್ಯೂ-ಯು ತಂದು ಕೂರಿಸಿದರು. ಹಾಗಾಗಿ ಒಂಟಿ ಕ್ಯೂ ಇರುವ ಪದಗಳು ಬಹುಪಾಲು ಆಮೇಲೆ ಬೇರೆ ಭಾಷೆಗಳಿಂದ ಬಂದವು. ‘ಚೀ’ಯಲ್ಲಿ ಕ್ಯೂ ‘ಚ’ ಆಗಿರುವುದು ಚೀನೀ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯಲು 1958ರಲ್ಲಿ ಚೀನಾ ಒಪ್ಪಿಕೊಂಡ ಪಿನ್‌ಯಿನ್ ಲಿಪಿಕ್ರಮದಿಂದ.

ಹುಡುಕುವಾಗ ಆಗುವ ತಪ್ಪೊಂದಿದೆ. ಪದಶೋಧಕದಲ್ಲಿ ‘ಕ್ಯೂ ಇರಲಿ, ಯು ಬೇಡ’ ಎಂದು ಕೊಟ್ಟರೆ ಬಿ-ಯು-ಆರ್-ಕ್ಯೂ-ಎ, ಅಂದರೆ ಬುರ್ಖಾ, ಕಾಣಿಸುವುದೇ ಇಲ್ಲ. ಅಲ್ಲಿ ಯು ಇದೆ, ಆದರೆ ಕ್ಯೂ ಆದ ತಕ್ಷಣ ಬರುತ್ತಿಲ್ಲ. ಎಸ್-ಯು-ಕ್ಯೂ, ಅಂದರೆ ಅರಬ್ ಸಂತೆ, ಇದೂ ಹಾಗೆಯೇ. ಇವುಗಳಿಗೆ ಬೋರ್ಡಿನ ಮೇಲಿರುವ ಒಂಟಿ ಯು ಸಾಕಾಗುತ್ತದೆ. ಎರಡು ಪಟ್ಟಿ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ.

ವರ್ಡಲ್‌ನಂಥ ಐದಕ್ಷರದ ಪದ ಊಹಿಸುವ ಆಟಕ್ಕೆ ಮೇಲಿನ ಪದಗಳನ್ನು ನಂಬಿ ಕೂರಬೇಡಿ. ಅಲ್ಲಿ ಉತ್ತರ ಸಾಮಾನ್ಯ ಬಳಕೆಯ ಪದವಾಗಿರುವುದರಿಂದ ಕ್ಯೂ ಸಿಕ್ಕರೆ ಹಿಂದೆಯೇ ಯು ಹಾಕಿ ನೋಡುವುದೇ ಜಾಣತನ. ಕ್ಯೂ ಮೊದಲ ಮನೆಯಲ್ಲಿದ್ದರೆ ‘ಕ್ವಿಕ್’, ‘ಕ್ವೈಟ್’ ತರಹದ್ದು. ಎರಡನೆಯದರಲ್ಲಿ ‘ಈಕ್ವಲ್’, ‘ಸ್ಕ್ವಾಡ್’. ಮೂರನೆಯದರಲ್ಲಿದ್ದರೆ ಕೊನೆಗೆ ಸಾಮಾನ್ಯವಾಗಿ ಇ ಬರುತ್ತದೆ, ಮುನಿಸು ಎಂಬರ್ಥದ ಪಿ-ಐ-ಕ್ಯೂ-ಯು-ಇ ಇದ್ದಂತೆ.

ದೇಶದ ಹೆಸರುಗಳು ಸ್ಕ್ರ್ಯಾಬಲ್‌ನಲ್ಲಿ ನಡೆಯುವುದಿಲ್ಲ. ಇರಾಕ್, ಕತಾರ್ ಎರಡನ್ನೂ ಹೊಸಬರು ಇಟ್ಟೇ ಇಡುತ್ತಾರೆ, ಎದುರಾಳಿ ಚಾಲೆಂಜ್ ಮಾಡಿದರೆ ಟೈಲ್ ವಾಪಸ್ ತೆಗೆದು ಸರದಿ ಕಳೆದುಕೊಳ್ಳುತ್ತಾರೆ. ಆಟ ಶುರುವಾಗುವ ಮುನ್ನವೇ ಯಾವ ಪಟ್ಟಿ ಎಂದು ಮಾತಾಡಿಕೊಂಡರೆ ‘ವಕ್ಫ್’ನಂಥವುಗಳ ಜಗಳವೂ ತಪ್ಪುತ್ತದೆ. ಅಕ್ಷರವಿಲ್ಲದ ಬ್ಲಾಂಕ್ ಟೈಲನ್ನು ಯು ಎಂದು ಬಳಸಬಹುದು, ಅದಕ್ಕೆ ಅಂಕವಿಲ್ಲ ಅಷ್ಟೆ.

ನೂರು ಟೈಲ್‌ಗಳಲ್ಲಿ ಯು ನಾಲ್ಕು, ಬ್ಲಾಂಕ್ ಎರಡು. ನಾಲ್ಕೂ ಯು ಬೋರ್ಡಿಗೆ ಬಂದಾಗಿದೆ, ಕ್ಯೂ-ಐಗೆ ಜಾಗ ಕಾಣುತ್ತಿಲ್ಲ ಎಂದಾದರೆ ಕ್ಯೂವನ್ನು ಬದಲಾಯಿಸಿಬಿಡಿ. ಚೀಲದಲ್ಲಿ ಕನಿಷ್ಠ ಏಳು ಟೈಲ್ ಉಳಿದಿದ್ದರೆ ಮಾತ್ರ ಬದಲಾವಣೆಗೆ ಅವಕಾಶ. ಕೊನೆಯವರೆಗೂ ಕೈಯಲ್ಲೇ ಉಳಿದು ಎದುರಾಳಿ ಆಟ ಮುಗಿಸಿದರೆ ನಿಮ್ಮ 10 ಅಂಕ ಕಳೆಯುತ್ತದೆ, ಅವರಿಗೆ 10 ಸೇರುತ್ತದೆ, ಒಟ್ಟು 20ರ ಅಂತರ.