ಆರು ಜನರಿಗೆ ಒಬ್ಬನೇ ಗೈಡ್ ಸಾಕೆ?

ಪ್ರಶ್ನೆ: ನಾವು ಆರು ಜನ ಒಂದು ವಾರದ ಮಟ್ಟಿಗೆ ಆಲ್ಪ್ಸ್‌ಗೆ ಸ್ಕೀ ಪ್ರವಾಸ ಹೊರಟಿದ್ದೇವೆ. ಇಬ್ಬರು ಇದುವರೆಗೆ ಕಾಲಿಗೆ ಸ್ಕೀ ಕಟ್ಟಿದವರೇ ಅಲ್ಲ. ಇನ್ನಿಬ್ಬರು ನೀಲಿ ಗುರುತಿನ ಸುಲಭದ ಹಾದಿಗಳಲ್ಲಿ ನಿರಾತಂಕವಾಗಿ ಇಳಿಯುತ್ತಾರೆ. ಉಳಿದಿಬ್ಬರಿಗೆ ಆಫ್-ಪೀಸ್ಟ್, ಅಂದರೆ ಗುರುತು ಮಾಡಿದ ಹಾದಿ ಬಿಟ್ಟು ಆಚೆಯ ಹಿಮದಲ್ಲಿ, ಹೋಗುವ ಆಸೆ. ಎಲ್ಲರೂ ಜೊತೆಗಿರಲೆಂದು ಇಡೀ ವಾರಕ್ಕೆ ಒಬ್ಬ ಗೈಡ್‌ನನ್ನು ಗೊತ್ತುಮಾಡಿಕೊಂಡರೆ ಸಾಲದೆ?

ಉತ್ತರ: ಸಾಲದು. ಆರು ಜನರೂ ಬೇಸರಪಡುವುದಕ್ಕೆ ಇಷ್ಟು ದುಬಾರಿಯಾದ ದಾರಿ ಇನ್ನೊಂದಿಲ್ಲ. ಹೊಸಬರಿಗೆ ಬೇಕಾಗಿರುವುದು ಗೈಡ್ ಅಲ್ಲ, ಶಿಕ್ಷಕ. ಆಫ್-ಪೀಸ್ಟ್ ಹೋಗುವವರಿಗೆ ಬೇಕಾದ ಗೈಡ್, ಹೊಸಬರು ಜೊತೆಗಿದ್ದರೆ ಹಾದಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗಲಾರ.

ಪರ್ವತ ಗೈಡ್‌ನದೂ ಸ್ಕೀ ಶಿಕ್ಷಕನದೂ ಬೇರೆ ಬೇರೆ ವೃತ್ತಿಗಳು. ಶಿಕ್ಷಕ ನಿಮ್ಮ ಮೊಣಕಾಲನ್ನು ನೋಡುತ್ತಾನೆ, ಗೈಡ್ ನಿಮ್ಮ ತಲೆಯ ಮೇಲಿರುವ ಇಳಿಜಾರನ್ನು ನೋಡುತ್ತಾನೆ. ಗೈಡ್‌ನ ಅಂಗಿಯ ಮೇಲೆ ಅಂತಾರಾಷ್ಟ್ರೀಯ ಒಕ್ಕೂಟದ ಲಾಂಛನ ಇದೆಯೇ ಎಂದು ಗಮನಿಸಿ. ಇಂಗ್ಲಿಷಿನಲ್ಲಿ ಐಎಫ್‌ಎಂಜಿಎ, ಫ್ರೆಂಚಿನಲ್ಲಿ ಯುಐಎಜಿಎಂ, ಜರ್ಮನ್ನಿನಲ್ಲಿ ಐವಿಬಿವಿ, ಮೂರೂ ಒಂದೇ ಒಕ್ಕೂಟದ ಹೆಸರು. ಶಿಕ್ಷಕರೂ ಆಫ್-ಪೀಸ್ಟ್ ಕರೆದೊಯ್ಯುತ್ತಾರೆ, ಆದರೆ ಫ್ರಾನ್ಸಿನಲ್ಲಿ ಅವರು ಹಿಮನದಿಯ ಮೇಲೆ ಗುಂಪನ್ನು ಒಯ್ಯುವಂತಿಲ್ಲ. ಅಲ್ಲಿನ ಶಾಮೋನಿ ಊರಿನ ವಾಲೆ ಬ್ಲಾಂಶ್ ಎಂಬ ಹಿಮನದಿಯ ಹಾದಿಯನ್ನು ಇಳಿಯುವ ಆಸೆಯಿದ್ದರೆ ಗೈಡ್ ಬೇಕೇ ಬೇಕು. 3,842 ಮೀಟರ್ ಎತ್ತರದ ಶಿಖರದ ಕೇಬಲ್ ಕಾರ್ ನಿಲ್ದಾಣದಿಂದ ಹೊರಟು, ಮೊದಲು ಹಗ್ಗ ಕಟ್ಟಿಕೊಂಡು ಕಿರಿದಾದ ದಿಣ್ಣೆಯ ಮೇಲೆ ನಡೆದು, ಆಮೇಲೆ ಸುಮಾರು 20 ಕಿಲೋಮೀಟರ್ ಸ್ಕೀ ಮಾಡುವ ಹಾದಿ ಅದು. ಅಲ್ಲಿನ ಬಿರುಕುಗಳ ಮೇಲೆ ಹಿಮ ತೆಳುವಾಗಿ ಹಾಸಿಕೊಂಡಿರುತ್ತದೆ, ನೋಡಿದವರಿಗೆ ಬರಿಯ ಬಯಲೆಂದೇ ತೋರುತ್ತದೆ.

ಇನ್ನು ಹೊಸಬರ ವಿಷಯ. ಬೆಳಗಿನ ಎರಡು ಮೂರು ಗಂಟೆಗಳ ಗುಂಪು ಪಾಠ, ಐದಾರು ದಿನ, ಒಬ್ಬನೇ ಶಿಕ್ಷಕ: ಇಷ್ಟಿದ್ದರೆ ಬೇಕಾದಷ್ಟಾಯಿತು. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತಿರುತ್ತದೆ, ಸೋತ ಕಾಲಿಗೆ ಪಾಠ ಹತ್ತುವುದಿಲ್ಲ. ಶಿಕ್ಷಕನ ಮಾತು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ಕಾಯ್ದಿರಿಸುವಾಗಲೇ ಬರೆದು ತಿಳಿಸಿ. ಗುಂಪಿನ ಅನುಭವಿಯೇ ತನ್ನ ಹೆಂಡತಿಗೋ ಗಂಡನಿಗೋ ಕಲಿಸುತ್ತೇನೆಂದು ಹೊರಟರೆ ದಯವಿಟ್ಟು ತಡೆಯಿರಿ. ಇದು ಸ್ಕೀಗಿಂತ ಹೆಚ್ಚಾಗಿ ದಾಂಪತ್ಯದ ದೃಷ್ಟಿಯಿಂದ ಕೊಡುವ ಸಲಹೆ. ನೀಲಿ ಹಾದಿಯವರಿಬ್ಬರು ಎರಡು ಅರ್ಧ ದಿನಗಳ ಖಾಸಗಿ ಪಾಠ ತೆಗೆದುಕೊಂಡರೆ ವಾರದ ಕೊನೆಗೆ ಅದಕ್ಕಿಂತ ಕಷ್ಟದ ಕೆಂಪು ಹಾದಿಯನ್ನು ಮುಟ್ಟಬಹುದು.

ಆಫ್-ಪೀಸ್ಟ್‌ಗೆ ಹೊರಟವರಿಗೆ ಸ್ವಲ್ಪ ಕಠಿಣವಾಗಿಯೇ ಹೇಳಬೇಕಾಗಿದೆ. “ಹತ್ತು ವರ್ಷದಿಂದ ಸ್ಕೀ ಮಾಡುತ್ತಿದ್ದೇನೆ” ಎನ್ನುವವರು ವರ್ಷಕ್ಕೊಂದು ವಾರ ಹೋಗುವವರಾದರೆ ಅವರ ಒಟ್ಟು ಅನುಭವ ಹತ್ತೇ ವಾರ. ಗೈಡ್‌ಗೆ ವರ್ಷಗಳ ಲೆಕ್ಕ ಬೇಡ. ಹಿಮ ಗಟ್ಟಿಯಿರಲಿ, ಗಡ್ಡೆಗಡ್ಡೆಯಾಗಿರಲಿ, ಕೆಂಪು ಹಾದಿಯನ್ನು ಬೀಳದೆ ಇಳಿಯಬಲ್ಲಿರಾ? ಅಡ್ಡಲಾಗಿ ಜಾರುತ್ತ ಬಂದು, ಹೇಳಿದ ಜಾಗದಲ್ಲಿ ನಿಲ್ಲಬಲ್ಲಿರಾ? ಅವನಿಗೆ ಬೇಕಾದದ್ದು ಇಷ್ಟೇ. ಅನುಮಾನವಿದ್ದರೆ ವಾರದ ಮೊದಲೆರಡು ದಿನ ಹಾದಿಯ ಅಂಚಿನ ಮೆತ್ತನೆಯ ಹಿಮದಲ್ಲಿ ಶಿಕ್ಷಕನೊಂದಿಗೆ ಅಭ್ಯಾಸ ಮಾಡಿ, ಗೈಡ್‌ನನ್ನು ನಾಲ್ಕನೆಯ ದಿನಕ್ಕೆ ಇಟ್ಟುಕೊಳ್ಳಿ. ಗೈಡ್‌ನ ಶುಲ್ಕ ಸಾಮಾನ್ಯವಾಗಿ ತಲೆಗಿಷ್ಟೆಂದಲ್ಲ, ದಿನಕ್ಕಿಷ್ಟೆಂದು. ಇಬ್ಬರೇ ಭರಿಸುವುದು ಕಷ್ಟವಾದರೆ ಊರಿನ ಗೈಡ್ ಕಚೇರಿ ನಡೆಸುವ ಸಣ್ಣ ಗುಂಪಿಗೆ ಸೇರಿಕೊಳ್ಳಬಹುದು. ಆಗ ಉಳಿದವರ ಮಟ್ಟವೇನೆಂದು ಕೇಳಿಕೊಳ್ಳಿ, ಏಕೆಂದರೆ ದಿನದ ವೇಗವನ್ನು ತೀರ್ಮಾನಿಸುವವರು ಅವರೇ.

ಗೈಡ್‌ನನ್ನು ಆರಿಸುವಾಗ ನಾನು ಒಂದೇ ಒಂದನ್ನು ನೋಡುತ್ತೇನೆ: ಅವನು ನನ್ನನ್ನು ಎಷ್ಟು ಪ್ರಶ್ನೆ ಕೇಳುತ್ತಾನೆ? ಇಂಥದೇ ಇಳಿಜಾರಿಗೆ ಖಂಡಿತ ಕರೆದೊಯ್ಯುತ್ತೇನೆಂದು ತಿಂಗಳ ಮುಂಚೆ ಮಾತು ಕೊಡುವವನನ್ನು ನಾನು ನಂಬುವುದಿಲ್ಲ. ಆ ದಿನದ ಹಿಮ ಹೇಗಿರುತ್ತದೆಂದು ಅವನಿಗೂ ಗೊತ್ತಿರುವುದಿಲ್ಲ. ಯುರೋಪಿನ ಹಿಮಕುಸಿತದ ಅಪಾಯ ಸೂಚಿಯಲ್ಲಿ 1ರಿಂದ 5ರವರೆಗೆ ಮಟ್ಟಗಳಿವೆ, 5 ಅತಿ ಅಪಾಯದ್ದು. 3 ಎಂದರೆ ನಡುವಿನದು, ಪರವಾಗಿಲ್ಲ ಎಂದು ಜನ ತಿಳಿಯುತ್ತಾರೆ. ಸ್ವಿಟ್ಜರ್‌ಲೆಂಡಿನಲ್ಲಿ ಹಿಮಕುಸಿತದ ಸಾವುಗಳಲ್ಲಿ ಸುಮಾರು ಅರ್ಧ ಸಂಭವಿಸುವುದು ಆ 3ನೆಯ ಮಟ್ಟದಲ್ಲೇ. ಸಿಕ್ಕಿಬಿದ್ದವರ ಪೈಕಿ ಹೆಚ್ಚಿನವರ ಮೇಲೆ ಹಿಮ ಕುಸಿದಿರುವುದು ಅವರ ಅಥವಾ ಅವರ ಜೊತೆಯವರ ಭಾರದಿಂದಲೇ. “ಈ ಹೊತ್ತು ಬೇಡ” ಎಂದು ಗೈಡ್ ಹೇಳಿದರೆ ಹಣ ವ್ಯರ್ಥವಾಯಿತೆಂದು ಮುನಿಯಬೇಡಿ. ನೀವು ಹಣ ತೆತ್ತದ್ದು ಆ ಮಾತಿಗೂ ಸೇರಿ.

ಹಿಮದಡಿ ಸಿಕ್ಕವರ ಜಾಗವನ್ನು ಸಂಕೇತದಿಂದ ತೋರಿಸುವ ಟ್ರಾನ್ಸಿವರ್ ಎಂಬ ಸಾಧನ, ಸಲಿಕೆ, ಹೂತುಹೋದವರನ್ನು ಹುಡುಕುವ ಉದ್ದನೆಯ ಕೋಲು, ಈ ಮೂರು ಶುಲ್ಕದಲ್ಲಿ ಸೇರಿವೆಯೇ ಎಂದು ಕೇಳಿ. ಬೆಳಿಗ್ಗೆಯೇ ಅವುಗಳ ಬಳಕೆಯನ್ನು ಕಲಿಸುತ್ತಾನೆಯೇ ಎಂದೂ ಕೇಳಿ. ಹೂತುಹೋದವರಿಗೆ ಇರುವ ಕಾಲಾವಕಾಶ ಹತ್ತು ಹದಿನೈದು ನಿಮಿಷಗಳಷ್ಟೇ. ಹಿಮಕ್ಕೆ ಸಿಕ್ಕಿದವನು ಗೈಡ್ ಆಗಿದ್ದರೆ ಅಗೆಯಬೇಕಾದವರು ನೀವೇ. ವಿಮೆಯ ಪತ್ರದಲ್ಲಿ ಆಫ್-ಪೀಸ್ಟ್ ಎಂಬ ಪದ ಎಲ್ಲಿದೆ, ಗೈಡ್ ಇಲ್ಲದೆ ಹೋದರೆ ಏನು ಹೇಳುತ್ತದೆ ಎಂಬುದನ್ನೂ ಓದಿಕೊಳ್ಳಿ.

ಜೊತೆಗಿರುವ ಆಸೆಗೆ ಊಟದ ಹೊತ್ತು ಸಾಕು. ಲಿಫ್ಟಿನ ನಡುನಿಲ್ದಾಣದ ಉಪಾಹಾರ ಗೃಹವೊಂದನ್ನು ಗೊತ್ತುಮಾಡಿಕೊಂಡು ಒಂದು ಗಂಟೆಗೆ ಎಲ್ಲರೂ ಅಲ್ಲಿಗೆ ಬನ್ನಿ, ಊಟವಾದ ಮೇಲೆ ಸುಲಭದ ಹಾದಿಯೊಂದರಲ್ಲಿ ಆರೂ ಜನ ಒಟ್ಟಿಗೆ ಇಳಿಯಿರಿ. ಆ ನಿಲ್ದಾಣದಿಂದ ಲಿಫ್ಟಿನಲ್ಲೇ ಕೆಳಗೆ ಬರಲು ಬಿಡುತ್ತಾರೆಯೇ ಎಂದು ಮಾತ್ರ ಮೊದಲೇ ವಿಚಾರಿಸಿ. ಕೆಲವು ಕುರ್ಚಿ ಲಿಫ್ಟ್‌ಗಳು ಮೇಲಕ್ಕೆ ಮಾತ್ರ ಜನರನ್ನು ಒಯ್ಯುತ್ತವೆ.