ಕೌದಿಯ ನಡುವೆ ಉಬ್ಬು ಏಳುವುದೇಕೆ: ಕೈಹೊಲಿಗೆ ಕಲಿಯುವವರಿಗೆ ಟಿಪ್ಪಣಿ

ಹಳೆ ಬಟ್ಟೆಯ ಪದರಗಳನ್ನು ಒಟ್ಟಿಗೆ ಹೊಲಿದು ಮಾಡುವ ಹೊದಿಕೆಯೇ ಕೌದಿ. ಬೆಂಗಳೂರಿನಲ್ಲಿ ಅದನ್ನು ಹೊಲಿಯಲು ಕೂತವರ ಮೊದಲ ಕೌದಿಯಲ್ಲಿ ಸಾಮಾನ್ಯವಾಗಿ ಕಾಣುವ ದೋಷ ಒಂದಿದೆ. ನಾಲ್ಕೂ ಅಂಚು ಚೊಕ್ಕವಾಗಿ ಕೂತಿರುತ್ತವೆ, ನಟ್ಟನಡುವೆ ಮಾತ್ರ ಬಟ್ಟೆ ಪೂರಿಯ ಹಾಗೆ ಉಬ್ಬಿರುತ್ತದೆ. ಇಸ್ತ್ರಿ ಹಾಕಿದರೂ ಇಳಿಯುವುದಿಲ್ಲ. ಕೈ ಪಳಗಿಲ್ಲ, ಅದಕ್ಕೇ ಹೀಗಾಯಿತು ಎಂದು ಬೇಸರಪಡುತ್ತಾರೆ. ನಿಜವಾದ ಕಾರಣ ಬೇರೆ. ಎರಡು ಪದ್ಧತಿಗಳನ್ನು ಗೊತ್ತಿಲ್ಲದೆ ಬೆರೆಸಿದ್ದರಿಂದ ಹೀಗಾಗುತ್ತದೆ.

ಉತ್ತರ ಕರ್ನಾಟಕದ ಮನೆಗಳ ಕೌದಿಯಲ್ಲಿ ಹಳೆ ಸೀರೆಯ ಪದರಗಳೇ ಮೈ. ಮೇಲೆ ಇಡೀ ಸೀರೆಯೋ, ಜೋಡಿಸಿದ ತುಂಡುಗಳೋ, ನಡುನಡುವೆ ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆ) ಚೌಕಗಳೋ ಇರುತ್ತವೆ. ಎಲ್ಲ ಪದರ ಹಾಸಿದ ಮೇಲೆ ಸಾಲುಸಾಲಾಗಿ ರನ್ನಿಂಗ್ ಹೊಲಿಗೆ, ಅಂದರೆ ಸೂಜಿ ಮೇಲೆ ಕೆಳಗೆ ಹಾಯುತ್ತಾ ನೇರ ಸಾಗುವ ಹೊಲಿಗೆ, ಓಡುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ, ಅದರ ದಾರಿ ಇದಲ್ಲ. ಅಲ್ಲಿ ತುಂಡುಗಳನ್ನು ಮುಂಚೆ ಜೋಡಿಸುವುದೇ ಇಲ್ಲ. ಅಡಿಗೆ ಒಂದು ಸೀರೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ, ಅಂಚಿನುದ್ದಕ್ಕೂ ಒಂದೊಂದೇ ತುಂಡು ಇಟ್ಟು ಹೊಲಿಯುತ್ತಾ, ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ. ತುಂಡನ್ನು ಹಿಡಿಯುವುದೂ ಪದರಗಳನ್ನು ಹಿಡಿಯುವುದೂ ಅದೇ ಒಂದು ಹೊಲಿಗೆ.

ಈಗ ಉಬ್ಬಿನ ವಿಷಯಕ್ಕೆ ಬರೋಣ. ಸೂಜಿ ಪದರಗಳೊಳಗೆ ಹೋಗುವಾಗ ಮೇಲಿನ ಬಟ್ಟೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ. ಒಂದು ಹೊಲಿಗೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ನೂರಾರು ಹೊಲಿಗೆಯಲ್ಲಿ ಅರ್ಧ ಇಂಚು, ಮುಕ್ಕಾಲು ಇಂಚು ಆಗಿಬಿಡುತ್ತದೆ. ಅಂಚಿನಿಂದ ಒಳಕ್ಕೆ ಸುತ್ತುತ್ತಾ ಬಂದರೆ ಆ ಹೆಚ್ಚುವರಿ ಬಟ್ಟೆಗೆ ನಡು ಬಿಟ್ಟರೆ ಹೋಗಲು ಬೇರೆ ಜಾಗವಿಲ್ಲ. ಕವಂದಿಯಲ್ಲಿ ಇದು ಕಾಡುವುದಿಲ್ಲ. ಯಾಕೆಂದರೆ ಮೇಲ್ಪದರ ಅನ್ನುವುದು ಇನ್ನೂ ಹುಟ್ಟಿಯೇ ಇರುವುದಿಲ್ಲ! ಉಳಿದ ಜಾಗ ನೋಡಿಕೊಂಡು ಮುಂದಿನ ತುಂಡನ್ನು ಕತ್ತರಿಸುತ್ತಾರೆ, ಒಂದರ ಮೇಲೊಂದು ಅರ್ಧ ಇಂಚು ಏರಿಸುತ್ತಾರೆ, ಸರಿದ ಬಟ್ಟೆಯೆಲ್ಲ ಆ ಏರಿಕೆಯಲ್ಲೇ ಅಡಗಿಹೋಗುತ್ತದೆ. ಎಷ್ಟು ಜಾಣತನದ ಉಪಾಯ ಎಂಬುದು ಹೊಲಿದು ನೋಡಿದವರಿಗೇ ಗೊತ್ತಾಗುತ್ತದೆ. ನಗರದಲ್ಲಿ ಕಲಿಯುವವರು ತುಂಡುಗಳನ್ನು ಮೊದಲೇ ಮಿಷನ್ನಿನಲ್ಲಿ ಜೋಡಿಸಿ, ಆ ಜೋಡಿಸಿದ ಹಾಳೆಯನ್ನು ಕವಂದಿಯ ಹಾಗೆ ಹೊರಗಿನಿಂದ ಒಳಕ್ಕೆ ಹೊಲಿಯುತ್ತಾರೆ. ಉಬ್ಬು ಏಳುವುದು ಅಲ್ಲೇ.

ಹಾಗಾಗಿ ಶುರುವಿನಲ್ಲೇ ತೀರ್ಮಾನಿಸಿ. ಮೇಲ್ಪದರ ಒಂದೇ ಹಾಳೆಯಾಗಿದ್ದರೆ ನಡುವಿನಿಂದ ಹೊರಕ್ಕೆ ಕಚ್ಚಾ ಹೊಲಿಗೆ (ಪದರ ಜಾರದಂತೆ ಹಾಕಿ ಆಮೇಲೆ ಬಿಚ್ಚುವ ಹೊಲಿಗೆ) ಹಾಕಲೇಬೇಕು. ಮೊದಲು ಕೂಡಿಸುವ ಗುರುತಿನ ಹಾಗೆ ಎರಡು ಗೆರೆ, ಆಮೇಲೆ ನಾಲ್ಕು ನಾಲ್ಕು ಇಂಚಿಗೆ ಒಂದೊಂದು, ಹೊಲಿಗೆಯ ಉದ್ದ 2 ಇಂಚು. ಪಕ್ಕಾ ಹೊಲಿಗೆಯೂ ನಡುವಿನಿಂದಲೇ ಹೊರಕ್ಕೆ ಸಾಗಲಿ. ಬಿಡಿ ತುಂಡುಗಳಾಗಿದ್ದರೆ ಕವಂದಿಯ ದಾರಿ ಹಿಡಿಯಿರಿ, ಆದರೆ ಎರಡು ಸುತ್ತಿಗೊಮ್ಮೆ ತಿರುಗಿಸಿ ಅಡಿ ಬಟ್ಟೆ ನೋಡಿ. ಅಲ್ಲಿ ನೆರಿಗೆ ಕಂಡರೆ ದಾರ ಬಿಗಿಯಾಗಿದೆ ಎಂದರ್ಥ. ಆ ಸುತ್ತನ್ನು ಬಿಚ್ಚುವುದೇ ವಾಸಿ. ಮುಂದಿನ ಸುತ್ತಿನಲ್ಲಿ ಸರಿಹೋಗುತ್ತದೆ ಎಂದು ಬಿಟ್ಟರೆ ಅದು ಸರಿಹೋಗುವುದಿಲ್ಲ.

ಬಟ್ಟೆ

ಕಲಿಕೆಗೆ 24×30 ಇಂಚಿನ ಮಗುವಿನ ಕೌದಿ ಸಾಕು. ಸುತ್ತ ಅರ್ಧ ಇಂಚು ಮಡಿಸಲು ಅಡಿ ಬಟ್ಟೆಯನ್ನು 25×31 ಕತ್ತರಿಸಿ. ಬಳಸಿ ಮೆದುವಾದ ಹತ್ತಿ ಸೀರೆ, ಪಂಚೆ, ಲುಂಗಿ ಎಲ್ಲಕ್ಕಿಂತ ಒಳ್ಳೆಯದು. ಸೂಜಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ. ಟೈಲರ್ ಅಂಗಡಿಯ ಚಿಂದಿ, ಚಿಕ್ಕಪೇಟೆಯ ಕಟ್‌ಪೀಸ್ ತಂದರೆ ಹತ್ತಿಯೋ ಪಾಲಿಯೆಸ್ಟರೋ ಎಂದು ನೋಡಿಕೊಳ್ಳಿ. ಸ್ಟೀಲ್ ತಟ್ಟೆಯ ಮೇಲೆ ಒಂದೆರಡು ಎಳೆ ಸುಟ್ಟರೆ ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಜಾರುತ್ತದೆ, ಮಡಿಕೆ ನಿಲ್ಲುವುದಿಲ್ಲ, ಬೆವರನ್ನೂ ಹೀರುವುದಿಲ್ಲ. ಟೀ ಶರ್ಟಿನಂಥ ಹಿಗ್ಗುವ ಬಟ್ಟೆಯೂ ಬೇಡ. ಖಣ ಅಂದವೇ ಸರಿ, ಆದರೆ ಅದರ ಎಳೆ ಬೇಗ ಬಿಚ್ಚಿಕೊಳ್ಳುತ್ತದೆ. ಅದರ ತುಂಡಿನ ಅಂಚನ್ನು ಕಾಲು ಇಂಚಿನ ಬದಲು ಅರ್ಧ ಇಂಚು ಒಳಕ್ಕೆ ಮಡಿಸಿ.

ತುಂಡುಗಳನ್ನು ಬಣ್ಣದ ಪ್ರಕಾರ ಅಲ್ಲ, ದಪ್ಪದ ಪ್ರಕಾರ ಡಬ್ಬಿಗಳಲ್ಲಿ ಇಟ್ಟುಕೊಳ್ಳಿ. ತೆಳು ವಾಯ್ಲ್ ಪಕ್ಕ ದಪ್ಪ ಪ್ಯಾಂಟ್ ಬಟ್ಟೆ ಬಂದರೆ ಹೊಲಿಗೆಯ ಎಳೆತಕ್ಕೆ ತೆಳುವಾದದ್ದು ಮೊದಲು ಹರಿಯುತ್ತದೆ. ತುಂಡು ಕತ್ತರಿಸುವಾಗ ಹಾಸು–ಹೊಕ್ಕಿನ ನೇರಕ್ಕೆ ಕತ್ತರಿಸಿ. ಓರೆಯಾಗಿ ಕತ್ತರಿಸಿದ್ದು ಹಿಗ್ಗಿ ಅಂಚು ಅಲೆಅಲೆಯಾಗುತ್ತದೆ.

ಹೊಸ ಬಟ್ಟೆಯಾದರೆ ಗಂಜಿ ಬಿಡಲು ರಾತ್ರಿಯಿಡೀ ನೆನೆಸಿ ಒಗೆಯಿರಿ, ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ. ಕಡುಗೆಂಪು, ಕಡುನೀಲಿ ತುಂಡನ್ನು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ, ಬಣ್ಣ ಹತ್ತಿದರೆ ತೆಗೆದಿಡಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಬಟ್ಟೆಯಲ್ಲೇ ಉಳಿದು ಬಿರುಸಾಗುತ್ತದೆ, ಕೊನೆಯ ಜಾಲಾಟಕ್ಕಾದರೂ ಕಾವೇರಿ ನೀರು ಇರಲಿ. ಇಲ್ಲಿನ ಮಳೆಗಾಲದಲ್ಲಿ ಮುಟ್ಟಿದರೆ ಒಣಗಿದಂತೆ ಕಾಣುವ ಬಟ್ಟೆಯಲ್ಲೂ ತೇವ ಇರುತ್ತದೆ. ಹಾಗೇ ಪದರದೊಳಗೆ ಹೊಲಿದರೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಏಳುತ್ತವೆ. ಇಸ್ತ್ರಿ ಹಾಕಿ ಆರಿಸಿದ ಮೇಲೆಯೇ ಹಾಸಿ.

ಸೂಜಿ, ದಾರ, ಒಂದು ಹೊಲಿಗೆ

ಹತ್ತಿಯ ಪರ್ಲ್ ದಾರ (ಹುರಿ ಹೊಸೆದ ಹೊಳಪಿನ ಕಸೂತಿ ದಾರ) 8ನೇ ನಂಬರಿನದು, ಎಂಬ್ರಾಯ್ಡರಿ ಸೂಜಿ 5 ಅಥವಾ 6. ಸೂಜಿಯ ನಂಬರ್ ಏರಿದಷ್ಟೂ ಸೂಜಿ ಸಣ್ಣದಾಗುತ್ತದೆ, ಅಂಗಡಿಯಲ್ಲಿ ಇದನ್ನು ಮರೆಯಬೇಡಿ. ದಾರದ ಉದ್ದ ಒಂದೂವರೆ ಮೊಳ, ಅಂದರೆ 27 ಇಂಚು. ಅದಕ್ಕಿಂತ ಉದ್ದವಾದರೆ ಸೂಜಿಯ ಕಣ್ಣಿನಲ್ಲಿ ಉಜ್ಜಿ ಉಜ್ಜಿ ಎಳೆ ಹಿಂಜುತ್ತದೆ, ಗಂಟು ಬೀಳುತ್ತದೆ.

ದಾರದ ಗಂಟು ಹೊರಗೆ ಕಾಣಬಾರದು. ಹೊಲಿಗೆ ಶುರುವಾಗುವ ಜಾಗಕ್ಕಿಂತ ಒಂದು ಇಂಚು ದೂರದಲ್ಲಿ ಮೇಲಿನ ಬಟ್ಟೆಗೆ ಮಾತ್ರ ಸೂಜಿ ಇಳಿಸಿ, ಪದರದ ಒಳಗೇ ಸಾಗಿಸಿ, ಬೇಕಾದಲ್ಲಿ ಮೇಲೆ ತೆಗೆದು, ಚೂರು ಜಗ್ಗಿ. ಪಟ್ ಎಂದು ಗಂಟು ಒಳಗೆ ಹೋಗುತ್ತದೆ. ಬಲಗೈಯವರು ಬಲದಿಂದ ಎಡಕ್ಕೆ ಹೊಲಿಯಿರಿ. ಎಡ ಅಂಗೈ ಬಟ್ಟೆಯನ್ನು ಹೊರಕ್ಕೆ ಸವರಿ ಹಿಡಿದಿರಲಿ. ಸೂಜಿಯ ಮೇಲೆ ನಾಲ್ಕು ಹೊಲಿಗೆ ತುಂಬಿಕೊಂಡು ಒಟ್ಟಿಗೆ ಎಳೆಯಿರಿ, ಎಳೆದ ಮೇಲೆ ಹೆಬ್ಬೆರಳಿನಿಂದ ಸಾಲನ್ನು ಒಮ್ಮೆ ನೇವರಿಸಿ. ಬಿಗಿ ಇದ್ದ ದಾರ ಸಡಿಲಗೊಂಡು ಸಮವಾಗಿ ಹರಡುತ್ತದೆ. ಈ ಒಂದು ನೇವರಿಕೆ ಬಿಟ್ಟರೆ ಮೇಲೆ ಹೇಳಿದ ನೆರಿಗೆಗಳೆಲ್ಲ ಬರುತ್ತವೆ. ಇಂಚಿಗೆ ನಾಲ್ಕು ಹೊಲಿಗೆ ಬಂದರೆ ಚೆನ್ನ, ಮೂರಾದರೂ ಪರವಾಗಿಲ್ಲ, ಆದರೆ ಉದ್ದ ಒಂದೇ ಸಮ ಇರಬೇಕು. ಅಡಿಯಲ್ಲೂ ಅಷ್ಟೇ ಹೊಲಿಗೆ ಕಾಣಬೇಕು. ಅಡಿಯಲ್ಲಿ ಹೊಲಿಗೆ ತಪ್ಪಿದ್ದರೆ ಸೂಜಿ ತುಂಬ ಓರೆಯಾಗಿ ಇಳಿಯುತ್ತಿದೆ ಎಂದು ತಿಳಿಯಿರಿ.

ಕವಂದಿಯ ಹೊರ ಅಂಚಿನಲ್ಲಿ ಅಡಿ ಬಟ್ಟೆಯ ಮಡಿಕೆ, ತುಂಡಿನ ಮಡಿಕೆ ಎರಡೂ ಮುಖಾಮುಖಿ ಕೂರಬೇಕು. ಮೊದಲ ಸಾಲು ಅಂಚಿಗೆ ಆದಷ್ಟು ಹತ್ತಿರ, ಆಮೇಲಿನ ಸಾಲುಗಳ ನಡುವೆ ಅರ್ಧ ಇಂಚು. ನಾಲ್ಕು ಮೂಲೆಗೂ ‘ಫೂಲ’, ಅಂದರೆ ಮಡಿಸಿದ ಪುಟ್ಟ ತ್ರಿಕೋನದ ಬಟ್ಟೆ, ಇಡುವುದು ಸಿದ್ದಿಗಳ ರೂಢಿ, ಅದಿಲ್ಲದಿದ್ದರೆ ಕವಂದಿ ಬರಿಮೈಯಲ್ಲಿ ಇದ್ದಂತೆ ಎಂಬ ಭಾವ ಅವರದು. 3 ಇಂಚಿನ ಚೌಕವನ್ನು ಎರಡು ಸಲ ಮಡಿಸಿ ತ್ರಿಕೋನ ಮಾಡಿ, ಕತ್ತರಿಸಿದ ಬದಿಯನ್ನು ಮೂಲೆಯ ಮಡಿಕೆಗಳೊಳಗೆ ತೂರಿಸಿ ಹೊಲಿಯಬಹುದು. ಕಲಿಕೆಯ ತುಂಡಾದರೂ ಫೂಲ ಬಿಡಬೇಡಿ.

ಲೆಕ್ಕ

ಅರ್ಧ ಇಂಚು ಅಂತರಕ್ಕೆ 24×30ರಲ್ಲಿ ಒಟ್ಟು 1,440 ಇಂಚು ಹೊಲಿಗೆ. ಒಂದು ದಾರಕ್ಕೆ ಸುಮಾರು 18 ಇಂಚು ಸಾಗುತ್ತದೆ, ಅಂದರೆ 80 ಸಲ ಸೂಜಿ ಪೋಣಿಸಬೇಕು, 55 ಮೀಟರ್ ದಾರ ಬೇಕು. 10 ಗ್ರಾಮಿನ ಒಂದು ಉಂಡೆಯಲ್ಲಿ ಸುಮಾರು 80 ಮೀಟರ್ ಇರುತ್ತದೆ, ಸಾಕಾಗುತ್ತದೆ. ದೊಡ್ಡ ಕೌದಿಗೆ ಐದೂವರೆ ಮೀಟರಿನ ಸೀರೆಯನ್ನು ಮೂರು ಭಾಗ ಮಾಡಿದರೆ ಸುಮಾರು ಆರಡಿ ಉದ್ದದ ಮೂರು ಪದರ ಸಿಗುತ್ತವೆ. ಒಂದೇ ಸೀರೆಯಲ್ಲಿ ಒಬ್ಬರ ಹೊದಿಕೆ ಮುಗಿಯುತ್ತದೆ.

ಮಾರುವ ಆಲೋಚನೆ ಇದ್ದರೆ ಬೆಲೆಯನ್ನು ಚದರಡಿಯಲ್ಲಿ ಹೇಳಬೇಡಿ. ಅರ್ಧ ಗಂಟೆಯಲ್ಲಿ ಎಷ್ಟು ಇಂಚು ಹೊಲಿಯುತ್ತೀರಿ ಎಂದು ಗಡಿಯಾರ ಇಟ್ಟು ಅಳೆಯಿರಿ. 40 ಇಂಚು ಬಂದರೆ ಈ ಪುಟ್ಟ ಕೌದಿಗೇ ಹೊಲಿಗೆಯ ಸಮಯ 18 ಗಂಟೆ. ಊರಿನ ಹೆಂಗಸರ ಕೌದಿಗೆ ಚೌಕಾಸಿ ಮಾಡುವ ಮುನ್ನ ಕೊಳ್ಳುವವರೂ ಈ ಲೆಕ್ಕ ಹಾಕಬೇಕು.

ಕೂರುವ ಜಾಗಕ್ಕೆ ನೆಲವೇ ಮೇಲು. ಕೌದಿಯ ಭಾರ ನೆಲದ ಮೇಲಿದ್ದರೆ ಪದರ ಜಾರುವುದಿಲ್ಲ, ಮೇಜಿನ ಅಂಚಿನಿಂದ ಜೋತರೆ ಜಾರುತ್ತದೆ. ಬೆಳಕು ಬಲಗೈಯವರಿಗೆ ಎಡಗಡೆಯಿಂದ ಬರಲಿ, ಇಲ್ಲದಿದ್ದರೆ ಕೈಯ ನೆರಳು ಹೊಲಿಗೆಯ ಮೇಲೇ ಬೀಳುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಬೆನ್ನು ನೇರ ಮಾಡಿ.

ಕೂರುವಾಗ ಎಷ್ಟು ಸೂಜಿ ತೆಗೆದಿರೋ ಏಳುವಾಗ ಅಷ್ಟೂ ಎಣಿಸಿ ಡಬ್ಬಿಗೆ ಹಾಕಿ. ಒಂದು ಕಡಿಮೆಯಾದರೂ ಕೌದಿಯ ಮೇಲೆ ಅಯಸ್ಕಾಂತ ಆಡಿಸಿ, ಆಮೇಲೆ ಅಂಗೈಯಿಂದ ಸಾಲುಸಾಲಾಗಿ ಒತ್ತಿ ನೋಡಿ. ಸೂಜಿ ಸಿಗುವವರೆಗೆ ಆ ಕೌದಿಯನ್ನು ಮಗುವಿನ ಹತ್ತಿರ ಒಯ್ಯಬೇಡಿ.